ನಲವತ್ತರಲ್ಲಿ ಕೆಲಸ ಬದಲಿಸಬಹುದೇ? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಭಾನುವಾರ ಸಂಜೆ ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟ ರೈಲು ತರೀಕೆರೆ, ಬೀರೂರು, ಕಡೂರಿನಲ್ಲಿ ನಿಂತಾಗ ಹತ್ತುವವರು ಕಾಲೇಜು ಹುಡುಗರಷ್ಟೇ ಅಲ್ಲ. ಅಜ್ಜಂಪುರದಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತುವವರಲ್ಲೂ ಹಾಗೆಯೇ. ಮನೆಯವರನ್ನು ಊರಲ್ಲಿ ಬಿಟ್ಟು, ರೊಟ್ಟಿ ಚಟ್ನಿಪುಡಿ ಕಟ್ಟಿಕೊಂಡು ಹೊರಟ ನಲವತ್ತರ ಆಸುಪಾಸಿನವರೂ ಇರುತ್ತಾರೆ. ಸೀಟು ಸಿಕ್ಕ ಕೂಡಲೇ ಮೊಬೈಲು ಹೊರಬರುತ್ತದೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎರಡು ಬಗೆಯ ಸಂದೇಶ ಕಾದಿರುತ್ತವೆ. ಒಂದು, ನೌಕರಿಗೆ ರಾಜೀನಾಮೆ ಬಿಸಾಕಿ ಊರಿಗೆ ಬಂದು ಅಡಿಕೆ ಹಾಕಿ ಕೋಟಿ ಗಳಿಸಿದವರ ಕಥೆ. ಇನ್ನೊಂದು, ಮೂವತ್ತೈದು ದಾಟಿದ ಮೇಲೆ ಹೊಸ ಕೆಲಸದ ಆಸೆ ಬಿಡಿ ಎನ್ನುವ ಬುದ್ಧಿಮಾತು.

ಎರಡನ್ನೂ ನಾವು ಪರಿಶೀಲಿಸಿದ್ದೇವೆ. ಎರಡೂ ಪೂರ್ತಿ ನಿಜವಲ್ಲ.

ಈ ಭಾಗದವರಿಗೆ ಇದು ಬರೀ ಹರಟೆಯ ವಿಷಯವೂ ಅಲ್ಲ. ತರೀಕೆರೆಗೆ ಹತ್ತಿರದ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದಾಗ, ಸ್ವಯಂ ನಿವೃತ್ತಿ ತೆಗೆದುಕೊಂಡವರು ನಡುವಯಸ್ಸಿನಲ್ಲೇ ಬೇರೆ ದಾರಿ ಹುಡುಕಬೇಕಾಯಿತು. ಒಂದು ಕಾಲಕ್ಕೆ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುತ್ತಿದ್ದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಸುದ್ದಿ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಕೆಲಸ ಬದಲಾವಣೆ ಎಲ್ಲರಿಗೂ ಆಯ್ಕೆಯಾಗಿ ಬರುವುದಿಲ್ಲ.

ಮರವಾದ ಮೇಲೆ ಬಗ್ಗುವುದಿಲ್ಲವೇ?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಎಲ್ಲರೂ ಕೇಳಿದ್ದೇವೆ. ಮಿದುಳಿಗೆ ಈ ಗಾದೆ ಅಷ್ಟಾಗಿ ಹೊಂದುವುದಿಲ್ಲ. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿ ಪಡೆಯಲು ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಹೀಗೆ ತರಬೇತಿಗೆ ಸೇರಿದ 79 ಮಂದಿ ವಯಸ್ಕರ ಮಿದುಳನ್ನು ವಿಜ್ಞಾನಿಗಳು ಮೊದಲಿಗೊಮ್ಮೆ, ಮೂರ್ನಾಲ್ಕು ವರ್ಷದ ನಂತರ ಇನ್ನೊಮ್ಮೆ ಸ್ಕ್ಯಾನ್ ಮಾಡಿದರು. ಪರೀಕ್ಷೆ ಪಾಸಾದವರಲ್ಲಿ ದಾರಿಯ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಬೆಳೆದಿತ್ತು. 2011ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಹಂಚುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ: ಆ 79 ಮಂದಿಯಲ್ಲಿ ಅರ್ಹತೆ ಪಡೆದವರು 39 ಜನ ಮಾತ್ರ. ದೊಡ್ಡವರೂ ಕಲಿಯಬಲ್ಲರು, ಆದರೆ ಸುಲಭವಾಗಿ ಅಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿ 1956ರಲ್ಲಿ ಆರಂಭವಾಗಿ ದಶಕಗಟ್ಟಲೆ ನಡೆದ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಬೇಗಬೇಗ ಗುರುತಿಸುವ ವೇಗ ಯೌವನ ಕಳೆಯುತ್ತಿದ್ದಂತೆ ಇಳಿಯತೊಡಗುತ್ತದೆ, ನಿಜ. ಆದರೆ ಭಾಷೆಯ ಹಿಡಿತ, ತರ್ಕ ಮುಂತಾದ ಶಕ್ತಿಗಳು ನಡುವಯಸ್ಸಿನಲ್ಲೇ ಉತ್ತಮವಾಗಿರುತ್ತವೆ. ಕಂಪ್ಯೂಟರ್ ತರಗತಿಯಲ್ಲಿ ಇಪ್ಪತ್ತರ ಹುಡುಗಿ ಎರಡು ದಿನಕ್ಕೆ ಕಲಿತದ್ದನ್ನು ನೀವು ವಾರಕ್ಕೆ ಕಲಿಯಬಹುದು. ಗಿರಾಕಿಯ ಜೊತೆ ಮಾತಾಡಿ ವ್ಯವಹಾರ ಕುದುರಿಸುವಾಗ ಲೆಕ್ಕ ತಿರುಗಿಬೀಳಬಹುದು.

ನಿಮಗಾಗಿಯೇ ಒಂದು ಕೆಲಸ ಕಾದು ಕುಳಿತಿದೆಯೇ?

‘ನಿಮ್ಮ ಪ್ಯಾಷನ್ ಹುಡುಕಿ’ ಎಂಬ ವಿಡಿಯೋಗಳಿಗೆ ಕೊರತೆಯಿಲ್ಲ. ಪ್ರತಿಯೊಬ್ಬರಿಗೂ ಹೇಳಿಮಾಡಿಸಿದ ಕೆಲಸವೊಂದು ಎಲ್ಲೋ ಇದೆ, ಸಿಕ್ಕಿದರೆ ಕಷ್ಟವೇ ಇರುವುದಿಲ್ಲ ಎಂಬುದು ಅವುಗಳ ಸಾರ. 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದಕ್ಕೆ ವಿರುದ್ಧವಾದದ್ದನ್ನು ಕಂಡಿತು. ಆಸಕ್ತಿ ಹುಟ್ಟಿನಿಂದಲೇ ಒಳಗಿರುತ್ತದೆ ಎಂದು ನಂಬಿದವರು ಹೊಸ ವಿಷಯ ಸ್ವಲ್ಪ ಕಷ್ಟವಾದೊಡನೆ ಅದರಲ್ಲಿ ಆಸಕ್ತಿ ಕಳೆದುಕೊಂಡರು. ಆಸಕ್ತಿ ಬೆಳೆಸಿಕೊಳ್ಳುವಂಥದ್ದು ಎಂದು ನಂಬಿದವರಲ್ಲಿ ಅಷ್ಟು ಇಳಿಕೆ ಕಾಣಲಿಲ್ಲ.

1997ರ ಇನ್ನೊಂದು ಅಧ್ಯಯನದಲ್ಲಿ ಕಾಲೇಜು ಕಚೇರಿಗಳಲ್ಲಿ ಒಂದೇ ಬಗೆಯ ಸಹಾಯಕ ಹುದ್ದೆಯಲ್ಲಿದ್ದವರನ್ನು ಮಾತಾಡಿಸಿದಾಗ, ಸುಮಾರು ಮೂರನೇ ಒಂದು ಭಾಗದವರಿಗೆ ಅದು ಬರೀ ಸಂಬಳವಾಗಿತ್ತು, ಮೂರನೇ ಒಂದು ಭಾಗಕ್ಕೆ ಬಡ್ತಿಯ ಮೆಟ್ಟಿಲು, ಉಳಿದವರಿಗೆ ಮನಸ್ಸಿಗೊಪ್ಪಿದ ಕಾಯಕ. ಹುದ್ದೆಯ ಹೆಸರೇ ತೃಪ್ತಿಯನ್ನು ತೀರ್ಮಾನಿಸುವುದಿಲ್ಲ ಎಂದಾಯಿತು. ಹಾಗಾಗಿ ನಿಮಗೆ ಬೇಸರವಾಗಿರುವುದು ಕೆಲಸವೋ, ರಾತ್ರಿ ಪಾಳಿಯೋ, ಮೇಲಿನವರ ಕಿರಿಕಿರಿಯೋ, ವಾರಕ್ಕೊಮ್ಮೆ ಮಾತ್ರ ಮಕ್ಕಳ ಮುಖ ನೋಡುವುದೋ ಎಂದು ಮೊದಲು ಬಿಡಿಸಿ ನೋಡಿ. ಕೊನೆಯದೇ ಕಾರಣವಾದರೆ, ಅದೇ ಕೆಲಸ ಕಡೂರಲ್ಲೋ ಚಿಕ್ಕಮಗಳೂರಲ್ಲೋ ಸಿಕ್ಕರೂ ಸಾಕಾಗಬಹುದು.

ಬಿಟ್ಟವರು ಸುಖವಾಗಿದ್ದಾರೆಯೇ?

ಇದಕ್ಕೊಂದು ವಿಚಿತ್ರ ಪ್ರಯೋಗ ನಡೆದಿದೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್, ಕೆಲಸ ಬಿಡಲೋ ಬೇಡವೋ ಎಂಬಂಥ ಗೊಂದಲದಲ್ಲಿದ್ದವರಿಗೆ ಆನ್‌ಲೈನ್‌ನಲ್ಲಿ ನಾಣ್ಯ ಚಿಮ್ಮಲು ಅವಕಾಶ ಮಾಡಿಕೊಟ್ಟರು. 20,000ಕ್ಕೂ ಹೆಚ್ಚು ಸಲ ನಾಣ್ಯ ಚಿಮ್ಮಿತು. ದೊಡ್ಡ ನಿರ್ಧಾರಗಳಲ್ಲಿ, ಬದಲಾವಣೆ ಮಾಡಿಕೊಂಡವರು ಆರು ತಿಂಗಳ ನಂತರ ಸರಾಸರಿ ಹೆಚ್ಚು ಸಂತೋಷವಾಗಿದ್ದರು. ಇದನ್ನು ಓದಿ ನಾಳೆಯೇ ರಾಜೀನಾಮೆ ಬರೆಯಬೇಡಿ. ಅವರೆಲ್ಲ ಮೊದಲೇ ಬಾಗಿಲಲ್ಲಿ ನಿಂತವರು, ತಾವಾಗಿಯೇ ಬಂದು ಭಾಗವಹಿಸಿದವರು, ಮತ್ತು ಅಲ್ಲಿ ಅಳೆದದ್ದು ಆರು ತಿಂಗಳು ಮಾತ್ರ. ವ್ಯವಸ್ಥಾಪಕರನ್ನು ಐದು ವರ್ಷ ಹಿಂಬಾಲಿಸಿದ 2005ರ ಅಧ್ಯಯನವೊಂದರಲ್ಲಿ ಹೊಸ ಕೆಲಸಕ್ಕೆ ಸೇರಿದೊಡನೆ ಏರಿದ ತೃಪ್ತಿ ಆಮೇಲೆ ಇಳಿದದ್ದು ಕಂಡಿದೆ. ದೂರದ ಬೆಟ್ಟ ನುಣ್ಣಗೆ ಎನ್ನುವುದಕ್ಕೆ ಅಂಕಿಅಂಶದ ಬೆಂಬಲ ಸಿಕ್ಕಂತಾಯಿತು.

ಅಡಿಕೆಯ ಲೆಕ್ಕ

ಈಗ ಮೊದಲ ಫಾರ್ವರ್ಡ್‌ಗೆ ಬರೋಣ. ಕಡೂರಿನ ನೆರೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿ ಸೇನೆ ಬಿಟ್ಟು ಬಂದು ಬೇಸಾಯ ಮಾಡಿದ ಕ್ಯಾಪ್ಟನ್ ಗೋಪಿನಾಥ್, 1997ರಲ್ಲಿ ಹೆಲಿಕಾಪ್ಟರ್ ಸಂಸ್ಥೆ ಶುರುಮಾಡಿ 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದ್ದು ನಿಜವಾದ ಕಥೆಯೇ. ಆದರೆ ಗೆದ್ದವರ ಕಥೆ ಮಾತ್ರ ಫಾರ್ವರ್ಡ್ ಆಗುತ್ತದೆ. ಸೋತು ಮತ್ತೆ ಬೆಂಗಳೂರಿನ ರೈಲು ಹತ್ತಿದವರ ಬಗ್ಗೆ ಯಾರೂ ವಿಡಿಯೋ ಮಾಡುವುದಿಲ್ಲ.

ಅಡಿಕೆ ಸಸಿ ನೆಟ್ಟರೆ ಮೊದಲ ಫಸಲಿಗೆ ಸಾಮಾನ್ಯವಾಗಿ ಐದು ವರ್ಷವಾದರೂ ಬೇಕು, ಪೂರ್ಣ ಇಳುವರಿಗೆ ಇನ್ನಷ್ಟು. ಮನೆ ಖರ್ಚು ತಿಂಗಳಿಗೆ 20,000 ರೂಪಾಯಿ ಎಂದಿಟ್ಟುಕೊಂಡರೂ ಐದು ವರ್ಷಕ್ಕೆ 12 ಲಕ್ಷ. ಇದರಲ್ಲಿ ಬೋರ್‌ವೆಲ್, ಗೊಬ್ಬರ, ಆಳಿನ ಕೂಲಿ ಸೇರಿಲ್ಲ. ಕಡೂರಿನ ಬಯಲಿನಲ್ಲಿ ಬೋರ್‌ವೆಲ್ ಎಷ್ಟು ಅಡಿಗೆ ಹೋದರೆ ನೀರು ಎಂಬ ಪ್ರಶ್ನೆ ಬೇರೆ. ಅಜ್ಜಂಪುರ ಕಡೆಯ ಈರುಳ್ಳಿಯಾದರೆ ನಾಲ್ಕೈದು ತಿಂಗಳಲ್ಲಿ ಕೈಗೆ ಬರುತ್ತದೆ, ದರ ಮಾತ್ರ ಯಾರ ಮಾತೂ ಕೇಳುವುದಿಲ್ಲ.

ಹಾಗಾದರೆ ದಾರಿ? ನಮಗೆ ಹೆಚ್ಚು ಒಪ್ಪಿಗೆಯಾದದ್ದು 2014ರ ಒಂದು ಅಮೆರಿಕನ್ ಅಧ್ಯಯನ. ನೌಕರಿಯಲ್ಲಿದ್ದುಕೊಂಡೇ ಸಣ್ಣದಾಗಿ ಸ್ವಂತ ಉದ್ಯೋಗ ಶುರುಮಾಡಿ ನಂತರ ಪೂರ್ತಿ ಅದಕ್ಕಿಳಿದವರು ಸೋತು ಕೈಬಿಡುವ ಅಪಾಯ, ಒಮ್ಮೆಗೇ ನೌಕರಿ ಬಿಟ್ಟು ಧುಮುಕಿದವರಿಗಿಂತ ಸುಮಾರು 33% ಕಡಿಮೆಯಿತ್ತು. ನಮ್ಮ ಕಡೆ ಇದಕ್ಕೆ ಅರ್ಥ ಹೀಗೆ: ಅಡಿಕೆ ಹಾಕಬೇಕೆನ್ನುವವರು ಒಂದು ಹಂಗಾಮು ರಜೆ ಹಾಕಿ ನೆಂಟರ ತೋಟದಲ್ಲಿ ಕೊಯ್ಲು, ಸುಲಿತ, ಬೇಯಿಸುವುದು, ಮಂಡಿ ವ್ಯವಹಾರ ನೋಡಿ ಬರಬಹುದು. ಬೇಕರಿ ತೆರೆಯುವ ಆಸೆಯಿದ್ದವರು ಅಂಗಡಿಗೆ ಮುಂಗಡ ಕೊಡುವ ಮುನ್ನ ಹಬ್ಬದ ಆರ್ಡರ್‌ಗಳನ್ನು ಮನೆಯಿಂದಲೇ ಮಾಡಿ ಕೊಡಬಹುದು. ಹೊಲಿಗೆಯಾದರೆ ಹಳೆಯ ಮಷಿನ್ ಸಾಕು. ಸೋತರೂ ನಷ್ಟ ಕೆಲವು ಭಾನುವಾರಗಳದ್ದು.

ವಯಸ್ಸಿನ ಮಿತಿ ಎಲ್ಲಿದೆ, ಎಲ್ಲಿಲ್ಲ?

ರಾಜ್ಯ ಸರ್ಕಾರದ ಬಹುತೇಕ ನೇರ ನೇಮಕಾತಿಗೆ ಸಾಮಾನ್ಯ ನಿಯಮದಂತೆ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ-1ಕ್ಕೆ 40. ನಡುನಡುವೆ ಸರ್ಕಾರ ಸಡಿಲಿಕೆ ಕೊಡುವುದುಂಟು, ಆಯಾ ಅಧಿಸೂಚನೆಯನ್ನೇ ನೋಡಬೇಕು. ಓದಿಗೆ ಮಿತಿಯಿಲ್ಲ. ಎಸ್ಸೆಸ್ಸೆಲ್ಸಿ ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಯಾವ ವಯಸ್ಸಿನಲ್ಲೂ ಹತ್ತನೇ ತರಗತಿ ಬರೆಯಬಹುದು.

ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಹೆಸರಲ್ಲಿ ಶುರುವಾದ ಮಾದರಿ ಈಗ ಆರ್‌ಸೆಟಿ ಎಂದು ದೇಶದ ಜಿಲ್ಲೆಗಳಿಗೆಲ್ಲ ಹಬ್ಬಿದೆ. ಬ್ಯಾಂಕುಗಳು ನಡೆಸುವ ಈ ಕೇಂದ್ರಗಳಲ್ಲಿ ಊಟ, ವಸತಿ ಸಹಿತ ತರಬೇತಿ ಉಚಿತ, ನಲವತ್ತು ದಾಟಿದವರಿಗೂ ಅವಕಾಶವಿದೆ. ಹೊಸ ಘಟಕಕ್ಕೆ ಸಾಲ ಬೇಕಾದರೆ ಪಿಎಂಇಜಿಪಿ ಯೋಜನೆಯಲ್ಲಿ 18 ತುಂಬಿದ ಯಾರೂ ಅರ್ಜಿ ಹಾಕಬಹುದು. ಹಳ್ಳಿಯಲ್ಲಾದರೆ ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದ 25%, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮುಂತಾದವರಿಗೆ 35% ಸಹಾಯಧನ. ಈ ಹಣ ಸಾಲದ ಖಾತೆಗೆ ಸೇರುತ್ತದೆಯೇ ಹೊರತು ಕೈಗೆ ಬರುವುದಿಲ್ಲ.

ಕೆಲಸ ಬಿಟ್ಟರೆ ಪಿಎಫ್ ಹೋಗುತ್ತದೆಯೇ?

ಇಲ್ಲ. 12 ಅಂಕಿಯ ಯುಎಎನ್ ಸಂಖ್ಯೆ ಜೀವನಪೂರ್ತಿ ಒಂದೇ, ಹೊಸ ಕಂಪನಿಗೆ ಹೋದರೆ ಹಣ ವರ್ಗಾಯಿಸಿಕೊಳ್ಳಬಹುದು. ನಷ್ಟವಾಗುವುದು ಪ್ರತಿ ಸಲವೂ ಪೂರ್ತಿ ಹಣ ತೆಗೆದುಬಿಡುವವರಿಗೆ. ಬೇರೆಬೇರೆ ಕಡೆಯ ಸೇವೆ ಸೇರಿ 10 ವರ್ಷವಾದರೆ ಮಾತ್ರ 58ಕ್ಕೆ ಪಿಂಚಣಿ ಸಿಗುತ್ತದೆ. ಪಿಂಚಣಿ ಭಾಗವನ್ನೂ ತೆಗೆದರೆ ಆ ವರ್ಷಗಳ ಲೆಕ್ಕ ಅಳಿಸಿಹೋಗುತ್ತದೆ. ಗ್ರ್ಯಾಚುಟಿಗೆ ಖಾಯಂ ನೌಕರರಿಗೆ ಒಂದೇ ಕಡೆ 5 ವರ್ಷ ತುಂಬಿರಬೇಕು. ನಾಲ್ಕೂವರೆ ವರ್ಷಕ್ಕೆ ರಾಜೀನಾಮೆ ಕೊಡುವವರು ಕ್ಯಾಲೆಂಡರ್ ನೋಡಿಕೊಳ್ಳಿ.

ದುಡ್ಡು ಕೇಳುವ ಕೆಲಸ

ಕೆಲಸ ಹುಡುಕುತ್ತಿದ್ದೇವೆ ಎಂದು ಗೊತ್ತಾದರೆ ಸಾಕು, ಇನ್ನೊಂದು ಬಗೆಯ ಸಂದೇಶ ಬರುತ್ತದೆ. ಮನೆಯಲ್ಲೇ ಕೂತು ವಿಡಿಯೋಗೆ ಲೈಕ್ ಒತ್ತಿದರೆ ದಿನಕ್ಕೆ ಸಾವಿರ, ರೈಲ್ವೆಯಲ್ಲಿ ನೇರ ನೇಮಕಾತಿ, ವಿದೇಶದಲ್ಲಿ ಡೇಟಾ ಎಂಟ್ರಿ. ಲೈಕ್ ಒತ್ತಿಸುವವರು ಮೊದಲು ನೂರಿನ್ನೂರು ಕೊಟ್ಟು ನಂಬಿಸಿ, ಆಮೇಲೆ ‘ಡಿಪಾಸಿಟ್’ ಕೇಳುತ್ತಾರೆ. ರೈಲ್ವೆ ನೇಮಕಾತಿ ಮಂಡಳಿ ಅರ್ಜಿ ಶುಲ್ಕವನ್ನು ತನ್ನ ಅಧಿಕೃತ ಜಾಲತಾಣದಲ್ಲೇ ಕಟ್ಟಿಸಿಕೊಳ್ಳುತ್ತದೆ, ಯಾರದೋ ಫೋನ್‌ಪೇ ನಂಬರಿಗಲ್ಲ. ಕಾಂಬೋಡಿಯಾದಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದೊಯ್ದು, ಆನ್‌ಲೈನ್ ವಂಚನೆಗೆ ದೂಡಲಾದ ಭಾರತೀಯರನ್ನು ನಮ್ಮ ರಾಯಭಾರ ಕಚೇರಿ ಬಿಡಿಸಿ ಕರೆತರಬೇಕಾಗಿ ಬಂದಿದೆ. ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮುನ್ನ ಬ್ಯಾಂಕು ತಡೆಯುವ ಸಾಧ್ಯತೆ ಹೆಚ್ಚು.