ತೊಗಲು ಯಾರದು, ಲಾಭ ಯಾರದು?

ಸತ್ತ ದನವನ್ನು ಊರಾಚೆ ಎಳೆದುಕೊಂಡು ಹೋಗುವವರು ಯಾರು ಅಂತ ನಮ್ಮ ಹಳ್ಳಿಗಳಲ್ಲಿ ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಸುಲಿಯುವವನು ಮಾದಿಗ. ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ತಂಗಡಿ ಚಕ್ಕೆಯ ನೀರಿನಲ್ಲಿ ಹದ ಮಾಡುವವನೂ ಅವನೇ. ಆ ತೊಗಲಿನಿಂದಲೇ ಊರಿನ ಮಿಣಿ, ಬಾರುಕೋಲು, ಕಪಿಲೆ ಬಾವಿಯಿಂದ ನೀರೆತ್ತುವ ಚೀಲ, ಗೌಡನ ಕಾಲಿನ ಮೆಟ್ಟು. ಕೂಲಿ ಅಂದರೆ ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಪಡೆಯುವ ಆಯದ ಕಾಳು. ಈ ಕೇರಿಗೂ ದೇಶದ ರಫ್ತು ನೀತಿಗೂ ಏನು ಸಂಬಂಧ ಅಂತೀರಾ? ಇದೆ.

ಮೊದಲ ಮಹಾಯುದ್ಧಕ್ಕೆ ಮುಂಚೆ ಈ ದೇಶದ ಹಸಿ ತೊಗಲು ಹಡಗು ಹತ್ತಿ ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. ಯುದ್ಧ ಬಂತು ನೋಡಿ, ಬ್ರಿಟಿಷ್ ಸಿಪಾಯಿಯ ಬೂಟಿಗೆ ಮದರಾಸು ಸೀಮೆಯ ಹದ ಮಾಡಿದ ಚರ್ಮ ಬೇಕಾಯಿತು. 1919ರಲ್ಲಿ ಸರ್ಕಾರ ಹಸಿ ತೊಗಲಿನ ರಫ್ತಿನ ಮೇಲೆ ಶೇ. 15 ಸುಂಕ ಹಾಕಿತು. ಇಲ್ಲಿನ ಹದಗಾರನ ಮೇಲಿನ ಪ್ರೀತಿಗೋ? ಬ್ರಿಟಿಷ್ ಸಾಮ್ರಾಜ್ಯದೊಳಗೆ ಎಲ್ಲೇ ಹದ ಮಾಡಿದರೂ ಸುಂಕದ ಮೂರರಲ್ಲಿ ಎರಡು ಪಾಲು ವಾಪಸ್ಸು! ಜರ್ಮನಿಗೆ ಬಾಗಿಲು ಹಾಕಿ ಇಂಗ್ಲೆಂಡಿಗೆ ತೆರೆದದ್ದು, ಅಷ್ಟೇ. 1923ರಲ್ಲಿ ಆ ಸುಂಕವೂ ಶೇ. 5ಕ್ಕೆ ಇಳಿಯಿತು.

ಸ್ವಾತಂತ್ರ್ಯ ಬಂದ ಮೇಲೂ ಅರೆ ಹದದ ಚರ್ಮ ಹೊರಗೆ ಹೋಗುತ್ತಲೇ ಇತ್ತು. ಅದು ಬೂಟಾಗಿ ಬೆಲೆ ಕಟ್ಟಿಸಿಕೊಳ್ಳುತ್ತಿದ್ದದ್ದು ಪರದೇಶದಲ್ಲಿ. 1972ರ ಸೀತಾರಾಮಯ್ಯ ಸಮಿತಿಯ ನಂತರ, 1973ರಲ್ಲಿ ಕೇಂದ್ರ ಸರ್ಕಾರ ಹಸಿ ತೊಗಲು ಹೊರಹೋಗದಂತೆ ತಡೆದು, ಅರೆ ಹದದ್ದಕ್ಕೆ ಕೋಟಾ ಗೊತ್ತುಮಾಡಿ, ಪೂರ್ಣ ಹದದ ಚರ್ಮಕ್ಕೂ ಪಾದರಕ್ಷೆಗೂ ಪ್ರೋತ್ಸಾಹ ಕೊಟ್ಟಿತು. ಇದನ್ನು ತಪ್ಪು ಅನ್ನಲಾರೆ. ಬಡ ದೇಶ ಕಚ್ಚಾ ಮಾಲನ್ನೇ ಮಾರಿಕೊಂಡು ಎಷ್ಟು ದಿನ ಬದುಕೀತು? ಆದರೆ ಪೂರ್ಣ ಹದಕ್ಕೆ ಯಂತ್ರ ಬೇಕು, ರಾಸಾಯನಿಕ ಬೇಕು, ಬ್ಯಾಂಕಿನ ಸಾಲ ಬೇಕು. ಸಾಲಕ್ಕೆ ಜಾಮೀನಾಗಿ ಜಮೀನು ಬೇಕು. ಕೇರಿಯವನ ಹತ್ತಿರ ಇದ್ದದ್ದು ಒಂದು ಗುಂಡಿ, ಒಂದು ರಂಪಿಗೆ. ತೊಗಲು ಆಂಬೂರು, ಕಾನ್ಪುರದ ಕಾರ್ಖಾನೆಗಳ ದಾರಿ ಹಿಡಿಯಿತು. ಬೆಲೆ ದೇಶದೊಳಗೇ ಉಳಿಯಲಿ ಅಂದಿತು ವ್ಯಾಪಾರ ನೀತಿ. ದೇಶದೊಳಗೆ ಯಾರ ಮನೆಯಲ್ಲಿ ಅಂತ ಹೇಳಬೇಕಾದದ್ದು ಒಳಗಿನ ನೀತಿ: ಭೂಮಿ, ಸಾಲ, ಶಾಲೆ. 1976ರಲ್ಲಿ ಕರ್ನಾಟಕದಲ್ಲಿ ಲಿಡ್ಕರ್ ನಿಗಮ ಹುಟ್ಟಿತು, ನಿಜ. ಭೂಮಿಯಿಲ್ಲದ ಇಡೀ ಕೇರಿಯ ಭಾರವನ್ನು ಒಂದು ನಿಗಮ ಹೊರಬೇಕಾಯಿತು.

ಇಲ್ಲೊಂದು ಮಾತು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನ ಎಳೆಯುವುದನ್ನು ಬಿಡಿ ಅಂದರು. ನಮ್ಮಲ್ಲೂ ಅನೇಕ ಕೇರಿಗಳು ಬಿಟ್ಟವು. ಬಿಟ್ಟದ್ದೇ ಸರಿ. ಆದರೆ ನಮಗೆ ಅವಮಾನ ತಂದ ಕಸುಬು ಡಾಲರ್ ತರುವ ಉದ್ಯಮ ಆದಾಗ, ಕಾರ್ಖಾನೆಯ ಒಡೆಯರ ಪಟ್ಟಿಯಲ್ಲಿ ನಮ್ಮವರು ಎಷ್ಟು ಮಂದಿ ಇದ್ದರು? ಹದದ ತೊಟ್ಟಿಯೊಳಗೆ ಇಳಿದವರಲ್ಲಿ ಎಷ್ಟು ಮಂದಿ?

ಬಿಡದೆ ಉಳಿದವರ ಕಥೆಯನ್ನೂ ನೋಡಿ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಸಮಗಾರರು ಹೊಲಿಯುವ ಚಪ್ಪಲಿಗೂ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಯಲ್ಲಿ, 2018ರಲ್ಲಿ ಕೊಲ್ಹಾಪುರಿ ಹೆಸರಿನ ಭೌಗೋಳಿಕ ಸೂಚಕ ಸಿಕ್ಕಿತು. ಹೊರದೇಶದ ಪೇಟೆಗೆ ಅದೊಂದು ಗುರುತಿನ ಚೀಟಿ ಇದ್ದಂತೆ. ಎರಡೇ ವರ್ಷಕ್ಕೆ, 2020ರಲ್ಲಿ, ಕರ್ನಾಟಕದ ಹೊಸ ಜಾನುವಾರು ಕಾಯ್ದೆ ಬಂತು. 1964ರ ಹಳೆ ಕಾಯ್ದೆ 12 ವರ್ಷ ದಾಟಿದ ಎತ್ತಿಗೂ ಎಮ್ಮೆ ಕೋಣಗಳಿಗೂ ಅವಕಾಶ ಇಟ್ಟಿತ್ತು. ಹೊಸದು ಉಳಿಸಿದ್ದು 13 ದಾಟಿದ ಎಮ್ಮೆ ಕೋಣಗಳನ್ನು ಮಾತ್ರ. ಮುದಿ ಎತ್ತನ್ನು ಮಾರಲಾಗದ ರೈತನೂ ಪೇಚಿಗೆ ಸಿಕ್ಕ, ಅದು ಬೇರೆ ಕಥೆ.

2025ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಹೊರದೇಶದಿಂದ ಬರುವ ವೆಟ್ ಬ್ಲೂ ಚರ್ಮದ ಮೇಲಿನ ಆಮದು ಸುಂಕವನ್ನು ಪೂರ್ತಿ ತೆಗೆದುಹಾಕಿತು, ಚರ್ಮೋದ್ಯಮಕ್ಕೆ ಕಚ್ಚಾ ಮಾಲು ಸಿಗಲಿ ಅಂತ. ವೆಟ್ ಬ್ಲೂ ಅಂದರೆ ಕ್ರೋಮಿನಲ್ಲಿ ಹದವಾದದ್ದು. ರಫ್ತಿನ ಬೂಟು ಕಾರ್ಖಾನೆಗೆ ಒದಗುತ್ತದೆ. ಅಥಣಿ, ನಿಪ್ಪಾಣಿಯ ಸಮಗಾರನಿಗೆ ಬೇಕಾದದ್ದು ಜಾಲಿ ಚಕ್ಕೆ, ಅಳಲೆಕಾಯಿಯಲ್ಲಿ ಹದವಾದ ಇಲ್ಲಿನದೇ ತೊಗಲು.