ಕಲ್ಲಿಗೂ ಒಂದು ಅಡ್ರೆಸ್: ಹಂಪಿಯ ಪುಷ್ಕರಣಿ ಮತ್ತು ನನ್ನ ಡಂಜನ್ ಮ್ಯಾಪ್

ಇವತ್ತಿನ ಕಂತಿನಲ್ಲಿ ಹಂಪಿ ಬಗ್ಗೆ ಮಾತಾಡೋಣ. ಆದರೆ ಕಲ್ಲಿನ ರಥದಿಂದ ಶುರು ಮಾಡಲ್ಲ, ಅದನ್ನ ನೀವು ಐವತ್ತು ರೂಪಾಯಿ ನೋಟಿನ ಮೇಲೆ ದಿನಾ ನೋಡ್ತೀರಿ. ನಾವು ಶುರು ಮಾಡೋದು ಒಂದು ಗೇಮ್ ಮ್ಯಾಪ್‌ನಿಂದ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಆಟ 1974ರಲ್ಲಿ ಅಮೆರಿಕದಲ್ಲಿ ಬಂತು. ಪೆನ್ಸಿಲ್, ಕಾಗದ, ದಾಳ, ನಾಲ್ಕೈದು ಗೆಳೆಯರು, ಇಷ್ಟಿದ್ರೆ ಸಾಕು. ಒಬ್ಬರು ಕತೆ ನಡೆಸ್ತಾರೆ, ಉಳಿದವರು ಕತ್ತಲೆಯ ನೆಲಮಾಳಿಗೆಗೆ ಇಳೀತಾರೆ. ಆ ನೆಲಮಾಳಿಗೆಯ ನಕ್ಷೆಯೇ ಡಂಜನ್ ಮ್ಯಾಪ್. ಮೊದಲು ಚೌಕುಳಿ ಹಾಳೆಯ ಮೇಲೆ ಬರೀತಿದ್ರು. ಈಗ ಇಂಕಾರ್ನೇಟ್, ಡಂಜನ್‌ಡ್ರಾಫ್ಟ್ ಥರದ ಸಾಫ್ಟ್‌ವೇರ್‌ಗಳಿವೆ. ನಾನೂ ಈಗ ಒಂದು ಮ್ಯಾಪ್ ಮಾಡ್ತಿದ್ದೀನಿ, ಐಸೊಮೆಟ್ರಿಕ್ ಶೈಲಿಯಲ್ಲಿ. ಮಾದರಿಗೆ ಯುರೋಪಿನ ಕೋಟೆ ಯಾಕೆ ಬೇಕು? ಹೊಸಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಹೋದ್ರೆ ಹಂಪಿಯೇ ಇದೆಯಲ್ಲ.

ಐಸೊಮೆಟ್ರಿಕ್ ಅಂದ್ರೇನು? ಒಂದು ಬೆಲ್ಲದ ಅಚ್ಚನ್ನ ಮೂಲೆ ನಿಮ್ಮ ಕಡೆ ಬರೋ ಹಾಗೆ ಇಟ್ಟು, ಸ್ವಲ್ಪ ಮೇಲಿನಿಂದ ನೋಡಿ. ಎರಡು ಪಕ್ಕ ಕಾಣುತ್ತೆ, ಮೇಲ್ಭಾಗವೂ ಕಾಣುತ್ತೆ. ಉದ್ದ, ಅಗಲ, ಎತ್ತರದ ಗೆರೆಗಳು ಒಂದಕ್ಕೊಂದು 120 ಡಿಗ್ರಿಯಲ್ಲಿ ಸೇರ್ತವೆ. ಫೋಟೋದಲ್ಲಿ ದೂರದ್ದು ಚಿಕ್ಕದಾಗುತ್ತೆ. ಇಲ್ಲಿ ಹಾಗಾಗಲ್ಲ, ಹತ್ತಿರದ ಮೆಟ್ಟಿಲೂ ದೂರದ ಮೆಟ್ಟಿಲೂ ಒಂದೇ ಅಳತೆ. ಅಂದ್ರೆ ಚಿತ್ರದ ಮೇಲೆ ಸ್ಕೇಲ್ ಇಟ್ಟು ಅಳೆಯಬಹುದು.

ಇದು ಗೇಮ್‌ಗಾಗಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಿಲಿಯಂ ಫಾರಿಷ್ ಅನ್ನೋ ಪ್ರಾಧ್ಯಾಪಕರಿದ್ದರು. ಪಾಠ ಮಾಡುವಾಗ ಯಂತ್ರಗಳ ಮಾದರಿ ತೋರಿಸೋರು. ಪ್ರತಿ ಸಲ ಅದೇ ಬಿಡಿಭಾಗಗಳನ್ನ ಬಿಚ್ಚಿ, ಬೇರೆ ಯಂತ್ರವಾಗಿ ಜೋಡಿಸಬೇಕಿತ್ತು. ಸಹಾಯಕರಿಗೆ ಯಾವ ತುಂಡು ಎಲ್ಲಿ ಕೂರಬೇಕು ಅಂತ ಹೇಳೋದು ಹೇಗೆ? ಅದಕ್ಕೆ ಅವರು ಬಳಸಿದ್ದು ಈ ಚಿತ್ರ. 1822ರಲ್ಲಿ ಅದರ ನಿಯಮಗಳನ್ನ ಪ್ರಕಟಿಸಿದರು. ಬಿಡಿಯಾಗಿ ಬಿದ್ದದ್ದನ್ನ ಮತ್ತೆ ಜೋಡಿಸೋಕೆ ಬಂದ ವಿದ್ಯೆ ಇದು. ಈ ಮಾತು ನೆನಪಿರಲಿ.

ಈಗ ಹಂಪಿಗೆ ಬನ್ನಿ. ರಾಜರ ಆವರಣದಲ್ಲಿ, ಮಹಾನವಮಿ ದಿಬ್ಬದ ಹತ್ತಿರ ಒಂದು ಮೆಟ್ಟಿಲು ಪುಷ್ಕರಣಿ ಇದೆ. ಸುಮಾರು 22 ಮೀಟರ್ ಚೌಕ, ಐದು ಹಂತ. ಶತಮಾನಗಳ ಕಾಲ ಮಣ್ಣಿನಡಿ ಇದ್ದದ್ದು 1980ರ ದಶಕದ ಉತ್ಖನನದಲ್ಲಿ ಹೊರಬಂತು. ಕಂಬಗಳ ಮೇಲೆ ಸಾಗುವ ಕಲ್ಲಿನ ದೋಣಿಗಳಿಂದ ಇದಕ್ಕೆ ನೀರು ಬರ್ತಿತ್ತು. ಮೇಲಿನಿಂದ ನೋಡಿದ್ರೆ ಯಾರೋ ಕಂಪ್ಯೂಟರ್‌ನಲ್ಲಿ ಕಾಪಿ-ಪೇಸ್ಟ್ ಮಾಡಿದ ಹಾಗೆ ಮೆಟ್ಟಿಲುಗಳು ಕೆಳಗಿಳೀತವೆ.

ಆದರೆ ನಿಜವಾದ ಸೋಜಿಗ ಕಲ್ಲುಗಳ ಮೇಲಿದೆ. ಅಲ್ಲಲ್ಲಿ ಸಣ್ಣ ಅಕ್ಷರ, ಅಂಕಿ, ಗೆರೆಗಳು. ಅದು ಶಾಸನವಲ್ಲ, ರಾಜನ ಹೊಗಳಿಕೆಯೂ ಅಲ್ಲ. ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಎಲ್ಲಿ ಕೂರಬೇಕು ಅನ್ನೋ ಗುರುತು. ಬೇರೆ ಕಡೆ ಅಳತೆಗೆ ಕಡೆದು ತಂದು, ಇಲ್ಲಿ ಗುರುತು ನೋಡಿ ಜೋಡಿಸಿದ್ದಾರೆ. ಕೇಂಬ್ರಿಜ್‌ನ ಪ್ರಾಧ್ಯಾಪಕರು ಕಾಗದದ ಮೇಲೆ ಹೇಳಿದ್ದನ್ನ, ಹೆಸರೂ ಗೊತ್ತಿಲ್ಲದ ನಮ್ಮ ಕಲ್ಲುಕುಟಿಗರು ಶತಮಾನಗಳ ಮೊದಲೇ ಕಲ್ಲಿನ ಮೇಲೇ ಬರೆದಿಟ್ಟಿದ್ದರು. ಪ್ರತಿ ಕಲ್ಲಿಗೂ ಒಂದು ಅಡ್ರೆಸ್.

ನನ್ನ ಮ್ಯಾಪ್‌ನಲ್ಲೂ ಕೆಲಸ ನಡೆಯೋದು ಹೀಗೇ. ಮೊದಲು ಚೌಕುಳಿ, ಆಮೇಲೆ ನೆಲ, ಗೋಡೆ, ಮೆಟ್ಟಿಲು. ಒಂದೊಂದಕ್ಕೂ ಬೇರೆ ಲೇಯರ್. ಹಿಂದಿನದನ್ನ ಮೊದಲು, ಮುಂದಿನದನ್ನ ಕೊನೆಗೆ ಇಡಬೇಕು. ಇಲ್ಲಾಂದ್ರೆ ಹಿಂದಿನ ಗೋಡೆ ಮುಂದಿನ ಕಂಬದ ಮೇಲೆ ಬಂದು ಕೂರುತ್ತೆ.

ಪುಷ್ಕರಣಿ ಆಯ್ತು, ನೆಲಮಾಳಿಗೆ? ಅದೂ ಇದೆ. ಅದೇ ಆವರಣದಲ್ಲಿ ನೆಲದಡಿ ಕಲ್ಲಿನ ಒಂದು ಕೋಣೆ, ಒಳಗೆ ಹೋಗೋಕೆ ಇಕ್ಕಟ್ಟಾದ ಕತ್ತಲೆ ದಾರಿ. ಖಜಾನೆ ಅಂತಾರೆ ಕೆಲವರು, ಗುಪ್ತ ಸಮಾಲೋಚನೆಯ ಜಾಗ ಅಂತಾರೆ ಇನ್ನು ಕೆಲವರು. ಸ್ವಲ್ಪ ದೂರದಲ್ಲೇ ನೆಲಮಟ್ಟಕ್ಕಿಂತ ಕೆಳಗಿರೋ ಪ್ರಸನ್ನ ವಿರೂಪಾಕ್ಷ ಗುಡಿ. ಅದರ ಗರ್ಭಗುಡಿಯಲ್ಲಿ ಎಷ್ಟೋ ಸಲ ನೀರು ನಿಂತಿರುತ್ತೆ. ಗೇಮ್‌ಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಇಲ್ಲಿ ನನ್ನ ಕೈ ನಿಂತಿತು. ಡಂಜನ್ ಅಂದ್ಮೇಲೆ ಕೊನೆಯ ಕೋಣೆಯಲ್ಲಿ ನಿಧಿ ಇರಲೇಬೇಕು, ಅದು ಆಟದ ರೂಢಿ. ಆದರೆ ನಮ್ಮ ಕಡೆ ನಿಧಿ ಅನ್ನೋ ಮಾತು ಆಟವಲ್ಲ. ನಿಧಿಯಾಸೆಗೆ ಅಗೆದ ಗುಡಿಗಳು, ಪೀಠದಿಂದ ಕಿತ್ತ ಮೂರ್ತಿಗಳು ಹಂಪಿ ಸುತ್ತಮುತ್ತ ಎಷ್ಟಿಲ್ಲ? ಸಂಡೂರಿನಲ್ಲಿ ಅದಿರಿಗಾಗಿ ಗುಡ್ಡವೇ ಕರಗಿದ್ದನ್ನ ನೋಡಿದವರು ನಾವು. ಕಂಪ್ಲಿಯ ಕಡೆ ಕುಮಾರರಾಮನ ಕತೆ ಕೇಳಿ ಬೆಳೆದವರಿಗೆ ಗೊತ್ತು, 1327ರ ಹೊತ್ತಿಗೆ ದೆಹಲಿಯ ತುಘಲಕ್ ಸೈನ್ಯಕ್ಕೆ ಕಂಪಿಲಿ ರಾಜ್ಯ ಬಿತ್ತು. 1565ರ ಯುದ್ಧದ ನಂತರ ವಿಜಯನಗರ ಬಿತ್ತು. ಎರಡು ಸಲವೂ ಉಳಿದದ್ದು ಬಂಗಾರವಲ್ಲ. ಕತೆ ಉಳಿದಿದೆ, ಕಲ್ಲು ಉಳಿದಿದೆ, ತುರ್ತು ಕಾಲುವೆಯಂಥ ಕಾಲುವೆಗಳಲ್ಲಿ ಇವತ್ತಿಗೂ ಗದ್ದೆಗೆ ನೀರು ಹರೀತಿದೆ.

2019 ನೆನಪಿದೆಯಾ? ಹಂಪಿಯಲ್ಲಿ ಹುಡುಗರು ಕಂಬ ತಳ್ಳಿ ಬೀಳಿಸೋ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಸಿಕ್ಕಿಬಿದ್ದ ನಾಲ್ವರಿಗೆ ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿತು, ಬಿದ್ದ ಕಂಬಗಳನ್ನ ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ಬೀಳಿಸೋಕೆ ಕೆಲವು ಸೆಕೆಂಡ್ ಸಾಕು. ನಿಲ್ಲಿಸೋಕೆ ಯಾವ ಕಲ್ಲು ಎಲ್ಲಿತ್ತು ಅಂತ ಗೊತ್ತಿರಬೇಕು.

ಆ ಗೊತ್ತು ಮಾಡೋ ಕೆಲಸವನ್ನ ಹಲವರು ಮಾಡಿದ್ದಾರೆ. 1800ರ ಸುಮಾರಿಗೆ ಕಾಲಿನ್ ಮೆಕೆಂಜಿ ಇಲ್ಲಿನ ಅವಶೇಷಗಳ ಸರ್ವೆ ಮಾಡಿಸಿದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಫೋಟೋ ತೆಗೆದರು. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ತಮ್ಮ ತಂಡದ ಜೊತೆ ವರ್ಷ ವರ್ಷ ಬಂದು ಬಂಡೆ ಬಂಡೆ ಹತ್ತಿ ಅಳೆದರು. ಇಡೀ ಪ್ರದೇಶವನ್ನ ಚೌಕುಳಿಗಳಾಗಿ ವಿಂಗಡಿಸಿ, ದೊಡ್ಡ ಗೋಪುರದಿಂದ ಮುರಿದ ಜಗಲಿವರೆಗೆ ಕಟ್ಟಡಗಳಿಗೆ ಅಕ್ಷರ, ಅಂಕಿಯ ಗುರುತು ಕೊಟ್ಟರು. ಪುಷ್ಕರಣಿಯ ಕಲ್ಲುಕುಟಿಗರು ಕಲ್ಲಿಗೆ ಮಾಡಿದ್ದನ್ನ ಇವರು ಊರಿಗೇ ಮಾಡಿದರು.

ಹಾಗಾಗಿ ನನ್ನ ಡಂಜನ್‌ನಲ್ಲಿ ನಿಧಿಪೆಟ್ಟಿಗೆ ಇಲ್ಲ. ಕೊನೆಯ ಕೋಣೆಯಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದ ಕಲ್ಲುಗಳಿವೆ, ಒಂದೊಂದರ ಮೇಲೂ ಒಂದು ಗುರುತು. ಆಟಗಾರರು ಓದಬೇಕು, ಜೋಡಿಸಬೇಕು. ಸರಿಯಾಗಿ ಜೋಡಿಸಿದ್ರೆ ಮೆಟ್ಟಿಲಾಗುತ್ತೆ, ನೀರು ಬರುತ್ತೆ. ಅಗೆದ್ರೆ ಚಾವಣಿ ಕುಸಿಯುತ್ತೆ, ಆಟ ಮುಗೀತು.

ಮುಂದಿನ ಸಲ ಹಂಪಿಗೆ ಹೋದಾಗ ಪುಷ್ಕರಣಿಯ ಅಂಚಿನಲ್ಲಿ ಎರಡು ನಿಮಿಷ ನಿಲ್ಲಿ. ಸೆಲ್ಫಿ ಆದ್ಮೇಲೇ ಆಗಲಿ, ಪರವಾಗಿಲ್ಲ. ಕ್ಯಾಮೆರಾ ಝೂಮ್ ಮಾಡಿ ಕಲ್ಲಿನ ಮೇಲಿನ ಅಕ್ಷರ ಹುಡುಕಿ. ಕಡೆದವನೊಬ್ಬ ಜೋಡಿಸುವವನಿಗೆ ಬರೆದ ಚೀಟಿ ಅದು. ಮುಟ್ಟದೇ ಓದಿ, ಅಲ್ಲೇ ಬಿಟ್ಟು ಬನ್ನಿ.