ದಾರಿ ತೋರುವ ಯಂತ್ರಕ್ಕೆ ಬಿದ್ದ ಬೀಗ

ದುಷ್ಯಂತನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಕಣ್ವಾಶ್ರಮದಲ್ಲಿ ಕೈಹಿಡಿದವಳು ಆಸ್ಥಾನದಲ್ಲಿ ಎದುರಿಗೆ ಬಂದು ನಿಂತಾಗ ದೊರೆಗೆ ಅವಳ ಗುರುತೇ ಹತ್ತಲಿಲ್ಲ. ಗುರುತಿಗೆಂದು ಕೊಟ್ಟಿದ್ದ ಉಂಗುರವೋ ನೀರಿಗೆ ಜಾರಿ ಮೀನಿನ ಹೊಟ್ಟೆ ಸೇರಿತ್ತು. ಇಪ್ಪತ್ತೆಂಟು ವರ್ಷಗಳಿಂದ ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುತ್ತ ಬಂದವನು ನಾನು. ಮೋಟಾರು ಗಾಡಿಗಳ ಲೋಕದಲ್ಲಿಯೂ ಇದು ನಡೆಯುತ್ತಿರುವ ಸಂಗತಿಯೆಂದು ತಿಳಿದದ್ದು ಮಾತ್ರ ಈಚೆಗೆ.

ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜಪಾನಿನಿಂದ ಬಂದ ಬಳಸಿದ ಕಾರೊಂದನ್ನು ಕೊಂಡ. ಒಂದು ಚಳಿಗಾಲ ಬ್ಯಾಟರಿ ಸತ್ತಿತು. ಹೊಸದನ್ನು ಹಾಕಿಸಿ ಚಾವಿ ತಿರುಗಿಸಿದರೆ, ಅಲ್ಲಿಯವರೆಗೆ ಊರಿನ ಬೀದಿಗಳನ್ನು ತೋರುತ್ತಿದ್ದ ಪರದೆಯ ಮೇಲೆ ಜಪಾನೀ ಲಿಪಿಯ ಎರಡು ಸಾಲು ಮೂಡಿ, ಕೆಳಗೆ ಅಂಕಿಗಳನ್ನು ತುಂಬಲು ಖಾಲಿ ಮನೆಗಳು ಕಾಣಿಸಿದವು. “ಹಣ ತೆತ್ತವನು ನಾನು, ನೀನು ಯಾರೆಂದು ಕೇಳುತ್ತಿರುವುದು ನನ್ನ ಗಾಡಿ!” ಎಂದು ಅವನು ಬರೆದ ಮಾತು ನನ್ನನ್ನು ಬಹಳ ಹೊತ್ತು ನಗಿಸಿತು; ಆಮೇಲೆ ಯೋಚನೆಗೂ ಹಚ್ಚಿತು. ಈ ಬೀಗ ಎಲ್ಲಿಂದ ಬಂತು? ಯಾರ ಭಯಕ್ಕೆ ಹುಟ್ಟಿತು?

ಇದರ ಮೂಲ ನಿಮಗೆ ಪ್ರಿಯವಾದ ರೇಡಿಯೋದಲ್ಲಿಯೇ ಉಂಟು. ಅಮೆರಿಕದ ಗ್ಯಾಲ್ವಿನ್ ಸಹೋದರರು ಮೋಟೊರೋಲ ಎಂಬ ಹೆಸರಿನಿಂದ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತಂದದ್ದು 1930ರಲ್ಲಿ. ಎರಡು ವರ್ಷಗಳ ತರುವಾಯ ಜರ್ಮನಿಯ ಬ್ಲೌಪುಂಕ್ಟ್ ಸಂಸ್ಥೆ ಯೂರೋಪಿನಲ್ಲಿ ಅದನ್ನೇ ಮಾಡಿತು. ಆಗ ಅದು ಶ್ರೀಮಂತರ ಸೊಗಸು. ಮುಂದೆ ಕಾರು ಹೆಚ್ಚಿದಂತೆ ರೇಡಿಯೋ ಹೆಚ್ಚಿತು. ಜರ್ಮನರು ಅದಕ್ಕೊಂದು ಅಳತೆಯನ್ನೂ ಗೊತ್ತುಮಾಡಿದರು: 180 ಮಿಲಿಮೀಟರು ಅಗಲ, 50 ಮಿಲಿಮೀಟರು ಎತ್ತರ. ಯಾವ ಕಾರಿನ ರೇಡಿಯೋ ಆದರೂ ಯಾವ ಕಾರಿನ ಗೂಡಿಗಾದರೂ ಹೊಂದಬೇಕೆಂಬುದು ಅವರ ಸದುದ್ದೇಶ. ಆದರೆ ಸರ್ವರಿಗೂ ಅನುಕೂಲವಾದದ್ದು ಕಳ್ಳನಿಗೂ ಅನುಕೂಲವೇ ಅಲ್ಲವೆ? ಒಂದು ಗಾಡಿಯಿಂದ ಕಿತ್ತದ್ದನ್ನು ಮತ್ತೊಂದಕ್ಕೆ ತೊಡಿಸಲು ಯಾವ ಅಡ್ಡಿಯೂ ಉಳಿಯಲಿಲ್ಲ. 1980ರ ದಶಕದಲ್ಲಿ ನ್ಯೂಯಾರ್ಕ್ ನಗರದ ಜನ ತಮ್ಮ ಗಾಡಿಯ ಗಾಜಿಗೆ ‘ರೇಡಿಯೋ ಇಲ್ಲ’ ಎಂಬ ಫಲಕವನ್ನು ಅಂಟಿಸಿ ಬೀದಿಯಲ್ಲಿ ಬಿಡುತ್ತಿದ್ದರು. ಗಾಜಾದರೂ ಉಳಿಯಲಿ ಎಂಬುದು ಅದರ ಅರ್ಥ. ಕೆಲವರು ರೇಡಿಯೋವನ್ನೇ ಹಿಡಿಕೆ ಹಿಡಿದು ಎಳೆದು, ತರಕಾರಿಯ ಚೀಲದಂತೆ ಕೈಯಲ್ಲಿ ತೂಗಾಡಿಸುತ್ತ ಅಂಗಡಿಗೆ ಹೋಗುತ್ತಿದ್ದರು!

ಆ ಕಾಲದಲ್ಲಿ ತಯಾರಕರಿಗೆ ಹೊಳೆದ ಉಪಾಯವೇ ಸಂಕೇತಾಂಕ. ಕಾರು ನಿಂತಿದ್ದರೂ ಬ್ಯಾಟರಿಯಿಂದ ಒಂದು ಸಣ್ಣ ಧಾರೆ ರೇಡಿಯೋಗೆ ಸದಾ ಹರಿಯುತ್ತಲೇ ಇರುತ್ತದೆ. ಗಂಟೆಯನ್ನೂ ನೀವು ಆರಿಸಿದ ಕೇಂದ್ರಗಳನ್ನೂ ನೆನಪಿನಲ್ಲಿ ಇಡುವುದು ಆ ಧಾರೆಯ ಬಲದಿಂದ. ಕಳ್ಳ ಯಂತ್ರವನ್ನು ಕಿತ್ತನೆಂದರೆ ಧಾರೆ ಕಡಿಯಿತು. ಧಾರೆ ಕಡಿದು ಮತ್ತೆ ಕೂಡಿದಾಗ ಯಂತ್ರ ಬಾಯಿ ಮುಚ್ಚಿಕೊಂಡು ಅಂಕಿಯನ್ನು ಕೇಳಲಿ, ಅಂಕಿ ಒಡೆಯನ ಚೀಟಿಯಲ್ಲಿ ಮಾತ್ರ ಇರಲಿ, ಎಂದು ಅವರು ಏರ್ಪಡಿಸಿದರು. ಕದ್ದ ಮಾಲು ಮೂಕವಾದರೆ ಕೊಳ್ಳುವವರಿಲ್ಲ.

ಜಾಣತನವೇನೋ ಹೌದು. ಆದರೆ ಇಲ್ಲಿ ಒಂದು ತಪ್ಪು ಅಡಗಿ ಕುಳಿತಿದೆ, ಗಮನಿಸಿ. ಯಂತ್ರಕ್ಕೆ ಕಳ್ಳನ ಮುಖ ಗೊತ್ತಿಲ್ಲ. ಕಳ್ಳತನಕ್ಕೆ ಅದು ಬಲ್ಲ ಲಕ್ಷಣ ಒಂದೇ, ವಿದ್ಯುತ್ತು ತಪ್ಪುವುದು. ಕಾರಿನ ಬ್ಯಾಟರಿಯ ಆಯುಸ್ಸು ಮೂರರಿಂದ ಐದು ವರ್ಷ. ಹಾಗಾಗಿ ಕಳ್ಳ ಬರಲಿ ಬಿಡಲಿ, ಪ್ರತಿಯೊಬ್ಬ ಒಡೆಯನೂ ಒಂದಲ್ಲ ಒಂದು ದಿನ ಆ ಯಂತ್ರದ ಮುಂದೆ ಕಳ್ಳನಾಗಿ ನಿಲ್ಲಲೇಬೇಕು. ತರ್ಕಶಾಸ್ತ್ರದವರು ಇದನ್ನು ಅತಿವ್ಯಾಪ್ತಿದೋಷವೆನ್ನುತ್ತಾರೆ.

ಇನ್ನು ದಾರಿ ತೋರುವ ಯಂತ್ರದ ಕಡೆಗೆ ತಿರುಗೋಣ. 1981ರಲ್ಲಿ ಜಪಾನಿನ ಹೋಂಡ ಸಂಸ್ಥೆ ಹೊರತಂದ ಸಾಧನದಲ್ಲಿ ಉಪಗ್ರಹದ ಸೊಲ್ಲೇ ಇರಲಿಲ್ಲ. ಹೀಲಿಯಂ ಅನಿಲದ ಧಾರೆಯೊಂದು ಗಾಡಿ ತಿರುಗಿದಾಗ ಪಕ್ಕಕ್ಕೆ ಬಾಗುವುದನ್ನು ಅಳೆದು ಅದು ದಿಕ್ಕನ್ನು ಲೆಕ್ಕ ಹಾಕುತ್ತಿತ್ತು. ಪಾರದರ್ಶಕ ಹಾಳೆಯ ನಕ್ಷೆಯನ್ನು ಚಾಲಕನೇ ಪರದೆಗೆ ತೊಡಿಸಬೇಕು. ಬೆಳಕಿನ ಚುಕ್ಕೆ ಹಾಳೆಯ ಅಂಚಿಗೆ ಬಂತೆಂದರೆ ಮತ್ತೊಂದು ಹಾಳೆ!

1985ರಲ್ಲಿ ಕ್ಯಾಲಿಫೋರ್ನಿಯದ ಈಟಾಕ್ ಎಂಬ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದರ ಸ್ಥಾಪಕ ಸ್ಟ್ಯಾನ್ ಹನಿ ಹಾಯಿದೋಣಿಯ ನಾವಿಕ. ನಕ್ಷೆ ಕ್ಯಾಸೆಟ್ಟಿನಲ್ಲಿ, ಚಕ್ರದ ಸುತ್ತನ್ನೂ ದಿಕ್ಸೂಚಿಯನ್ನೂ ಹೊಂದಿಸಿ, ಗಾಡಿ ಈಗ ಯಾವ ಬೀದಿಯಲ್ಲಿರಬೇಕೆಂದು ಯಂತ್ರ ಊಹಿಸುತ್ತಿತ್ತು. ಆ ಹೆಸರಿನ ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಪೆಸಿಫಿಕ್ ಸಾಗರದ ಕ್ಯಾರೊಲಿನ್ ದ್ವೀಪಗಳ ನಾವಿಕರು ದೋಣಿಯಲ್ಲಿ ಹೋಗುವಾಗ, ದೋಣಿ ನಿಂತಲ್ಲೇ ನಿಂತಿದೆ, ದ್ವೀಪಗಳೇ ತಮ್ಮನ್ನು ಹಾದು ಹಿಂದಕ್ಕೆ ಸರಿಯುತ್ತಿವೆ ಎಂದು ಭಾವಿಸಿ ಎಣಿಕೆ ಮಾಡುತ್ತಿದ್ದರಂತೆ. ಆ ಎಣಿಕೆಯ ಹೆಸರು ಈಟಾಕ್. ಇಂದಿಗೂ ಕಾರಿನ ಪರದೆಯಲ್ಲಿ ನಿಮ್ಮ ಗಾಡಿಯ ಗುರುತು ನಡುವೆ ಅಲುಗದೆ ನಿಂತು, ಊರೇ ಅದರ ಸುತ್ತ ತಿರುಗುವುದನ್ನು ನೋಡಿದ್ದೀರಷ್ಟೆ. ಅದು ಆ ದೋಣಿಗಾರರ ಆಸ್ತಿ.

ಅಮೆರಿಕದ ಸೇನೆಯ ಸ್ಥಾನನಿರ್ದೇಶಕ ಉಪಗ್ರಹಗಳಲ್ಲಿ ಮೊದಲನೆಯದು ಹಾರಿದ್ದು 1978ರಲ್ಲಿ. ಅದನ್ನು ನಂಬಿದ ಸಾಧನವನ್ನು ಕಾರ್ಖಾನೆಯಲ್ಲಿಯೇ ಕೂಡಿಸಿದ ಮೊದಲ ಕಾರು ಮಜ್ದಾ ಸಂಸ್ಥೆಯ ಯೂನೋಸ್ ಕಾಸ್ಮೊ, 1990ರಲ್ಲಿ. ಉಪಗ್ರಹಗಳ ಏರ್ಪಾಡು ಸಂಪೂರ್ಣವಾಯಿತೆಂದು ಸಾರಿದ್ದು 1995ರಲ್ಲಿ. ಜನಸಾಮಾನ್ಯರಿಗೆ ಬೇಕೆಂದೇ ಮಸುಕುಮಾಡಿ ಕೊಡುತ್ತಿದ್ದ ಸಂಕೇತವನ್ನು 2000ದ ಮೇ ತಿಂಗಳಲ್ಲಿ ತಿಳಿಗೊಳಿಸಿದರು. ಅಲ್ಲಿಂದ ಬೀದಿಬೀದಿಯೂ ನಿಖರವಾಯಿತು. ಬೆಲೆಬಾಳುವ ಈ ಸಾಧನ ಕೂತದ್ದು ರೇಡಿಯೋ ಕೂರುತ್ತಿದ್ದ ಜಾಗದಲ್ಲಿಯೇ. ಆದಕಾರಣ ರೇಡಿಯೋಗೆ ಹಾಕಿದ್ದ ಬೀಗವೇ ಇದಕ್ಕೂ ಬಿತ್ತು.

ಬೀಗ ಎಷ್ಟು ಗಟ್ಟಿ ಎಂದು ಕೇಳುವಿರಾದರೆ, ಲೆಕ್ಕ ಹಾಕಿಯೇ ನೋಡೋಣ. ನಾಲ್ಕು ಅಂಕಗಳೆಂದರೆ ಹತ್ತು ಸಾವಿರ ಬಗೆ. ಹೋಂಡ ಸಂಸ್ಥೆಯ ಕೆಲವು ಕಾರುಗಳಲ್ಲಿ ಹತ್ತು ಸಲ ತಪ್ಪಿದರೆ ಒಂದು ಗಂಟೆ ಕಾಯಬೇಕು. ಒಂದೊಂದಾಗಿ ಎಲ್ಲವನ್ನೂ ಒತ್ತಿ ನೋಡಲು ಸಾವಿರ ಗಂಟೆ, ಅಂದರೆ ಹಗಲಿರುಳು ಕೂತರೂ ನಲವತ್ತೆರಡು ದಿನಗಳ ಸಮೀಪ. ಕಳ್ಳನಿಗೆ ಅಷ್ಟು ತಾಳ್ಮೆ ಇದ್ದಿದ್ದರೆ ಅವನು ಕಳ್ಳನಾಗುತ್ತಲೇ ಇರಲಿಲ್ಲ.

ಒಡೆಯನ ಪಾಡು? ಸಂಕೇತಾಂಕದ ಚೀಟಿ ಕೈಪಿಡಿಯ ಪುಟಗಳ ನಡುವೆ ಇರಬಹುದು; ಮುಂದಿನ ಪೆಟ್ಟಿಗೆಯ ಒಳಮೈಗೆ ಅಂಟಿಸಿರಬಹುದು. ಇಲ್ಲವಾದರೆ ಕಾರಿನ ಗುರುತಿನ ಸಂಖ್ಯೆ, ಯಂತ್ರದ ಸರಣಿ ಸಂಖ್ಯೆ, ತಾನೇ ಒಡೆಯನೆಂಬ ಕಾಗದ ಇಷ್ಟನ್ನೂ ಹಿಡಿದು ಮಾರಾಟಗಾರನ ಬಳಿಗೆ ಹೋಗಬೇಕು. ಎಚ್ಚರಿಕೆಯ ಮೆಕ್ಯಾನಿಕ್ಕು ಹಳೆಯ ಬ್ಯಾಟರಿಯನ್ನು ಬಿಚ್ಚುವ ಮುನ್ನವೇ ಬೇರೊಂದು ಸಣ್ಣ ಬ್ಯಾಟರಿಯನ್ನು ಜೋಡಿಸಿ ಧಾರೆ ಕಡಿಯದಂತೆ ನೋಡಿಕೊಳ್ಳುತ್ತಾನೆ. ಆದರೆ ಬ್ಯಾಟರಿ ತಾನಾಗಿಯೇ ಸತ್ತಮೇಲೆ ಆ ಉಪಾಯವೂ ಇಲ್ಲ.

ನಿಜವಾಗಿ ಸಿಕ್ಕಿಬಿದ್ದವನು ಎರಡನೆಯ ಒಡೆಯ. ಜಪಾನಿನಲ್ಲಿ ಬಳಸಿದ ಕಾರುಗಳು ಹಡಗಿನಲ್ಲಿ ನ್ಯೂಜಿಲೆಂಡಿಗೆ, ಶ್ರೀಲಂಕೆಗೆ, ಕೀನ್ಯಕ್ಕೆ ಹೋಗುತ್ತವೆ. ಅಲ್ಲೆಲ್ಲ ರಸ್ತೆಯ ಎಡಬದಿಯಲ್ಲಿಯೇ ಓಡಾಟ. ಮೊದಲ ಒಡೆಯನ ಚೀಟಿ ಗಾಡಿಯೊಡನೆ ಹಡಗು ಹತ್ತುವುದು ಅಪರೂಪ. ಸಂಕೇತಾಂಕವನ್ನು ಹೇಳಬೇಕಾದ ಮಾರಾಟಗಾರನೋ ಸಮುದ್ರದಾಚೆ, ಬೇರೊಂದು ಭಾಷೆಯಲ್ಲಿ. ಇತ್ತ ಬೀಗಕ್ಕೆ ಕಾರಣನಾದ ಕಳ್ಳನೂ ಕಣ್ಮರೆಯಾಗುತ್ತಿದ್ದ. ಯಂತ್ರಗಳು ಒಂದೊಂದು ಕಾರಿನ ಒಡಲಿಗೆ ಒಂದೊಂದು ಆಕಾರದಲ್ಲಿ ಬೆರೆತುಹೋದವು. 2009ರಿಂದೀಚೆಗೆ ಗೂಗಲ್ ಸಂಸ್ಥೆ ಜೇಬಿನ ಫೋನಿನಲ್ಲಿಯೇ ದಾರಿ ಹೇಳತೊಡಗಿತು. ಹೊಸ ಕಾರುಗಳಲ್ಲಿ ಎಷ್ಟೋ ಯಂತ್ರಗಳು ತಮ್ಮ ಗಾಡಿಯನ್ನು ತಾವೇ ಗುರುತು ಹಿಡಿದು ಸುಮ್ಮನೆ ತೆರೆದುಕೊಳ್ಳುತ್ತವೆ. ಹಳೆಯವು ಮಾತ್ರ ಇಂದಿಗೂ, ಬಾರದ ಕಳ್ಳನನ್ನು ಕಾಯುತ್ತ, ಬಂದ ಒಡೆಯನನ್ನು ತಡೆಯುತ್ತಲೇ ಇವೆ.

ನನ್ನ ವಿದ್ಯಾರ್ಥಿಯ ಉಂಗುರ ಮೂರು ವಾರಗಳಿಗೆ ಸಿಕ್ಕಿತು. ಕಾರನ್ನು ತರಿಸಿದ್ದ ವ್ಯಾಪಾರಿ ಪರದೆಯ ಮೇಲಿನ ಸರಣಿ ಸಂಖ್ಯೆಯನ್ನು ಬರೆದುಕೊಂಡು, ಜಪಾನಿಗೆ ಕಾಗದ ಹಾಕಿ ಸಂಕೇತಾಂಕ ತರಿಸಿಕೊಟ್ಟ. ಅಂಕಿಗಳನ್ನು ಒತ್ತಿದೊಡನೆ ನಕ್ಷೆಯೇನೋ ಮೂಡಿತು. ಆದರೆ ಗಾಡಿಯ ಗುರುತು ಎಲ್ಲೋ ನಡುಸಮುದ್ರದಲ್ಲಿ ನಿಂತಿತ್ತು. ಬೆಸ್ತನ ಕೈಯಿಂದ ಉಂಗುರ ಬಂದ ಕ್ಷಣವೇ ದುಷ್ಯಂತನಿಗೆ ಎಲ್ಲವೂ ನೆನಪಾಯಿತು, ಯಂತ್ರಕ್ಕೆ ಹಾಗಲ್ಲ. ಅದು ಗಂಟೆಯನ್ನೂ ಮರೆತಿತ್ತು, ಯಾವ ಉಪಗ್ರಹ ಎಲ್ಲಿದೆಯೆಂಬ ಪಂಚಾಂಗವನ್ನೂ ಮರೆತಿತ್ತು. ಉಪಗ್ರಹಗಳು ಆ ಪಂಚಾಂಗವನ್ನು ಹೇಳುವ ವೇಗವಾದರೋ ಬಹಳ ಮಂದ, ಸೆಕೆಂಡಿಗೆ 50 ಬಿಟ್ಟುಗಳಷ್ಟೆ. ಪೂರ್ತಿ ಒಂದು ಸಲ ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ಬೇಕು. ಅವನು ಕಾರನ್ನು ಕಟ್ಟಡಗಳ ಮರೆಯಿಂದ ಸಮುದ್ರದ ದಂಡೆಯ ಬಯಲಿಗೆ ತಂದು ನಿಲ್ಲಿಸಿ, ಎಂಜಿನ್ನನ್ನು ಆರಿಸದೆ, ಹೆಂಡತಿಯೊಡನೆ ಹೊರಗೆ ಬಂದು ಚಹಾ ಕುಡಿಯುತ್ತ ಕಾದ. ಎರಡನೆಯ ಲೋಟ ಮುಗಿಯುವ ಹೊತ್ತಿಗೆ ಸಮುದ್ರದಲ್ಲಿದ್ದ ಗುರುತು ಒಮ್ಮೆಗೇ ನೆಗೆದು ದಂಡೆಯ ಮೇಲೆ ಬಂದು ಕೂತಿತಂತೆ.